ಸೋಲಾರ್‌ಗೆ ಜಮೀನು: ಬಾಡಿಗೆಯ ಲೆಕ್ಕ, ಪಹಣಿಯ ತೊಡಕು

ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನು ಕೊಂಡದ್ದಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದದ್ದು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಟ್ಟ ಕಡಲೆಕಾಯಿ ಹೊಲಕ್ಕೆ ಇದು ಒಳ್ಳೆ ದುಡ್ಡೇ. ಆದರೆ ಇದೇ ಮಾದರಿಯ ಕರಾರು ನಿಮ್ಮೂರಿಗೆ ಬಂದರೆ ಮೊದಲು ಒಂದು ಲೆಕ್ಕ ಹಾಕಿ.

28 ವರ್ಷದಲ್ಲಿ ಏರಿಕೆ ಸಿಗುವುದು 13 ಸಲ. ಪ್ರತಿ ಸಲ ಹಿಂದಿನ ಬಾಡಿಗೆಯ ಮೇಲೆ ಏರಿದರೆ ಕೊನೆಗೆ ಸುಮಾರು 39,600. ಮೂಲ 21,000ದ ಮೇಲೆ ಮಾತ್ರ ಏರಿದರೆ 34,650. ಕರಾರಿನಲ್ಲಿ ಯಾವುದು ಬರೆದಿದೆ, ನೋಡಿ. ಇನ್ನು ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ, ಇವತ್ತಿನ 21,000ಕ್ಕೆ ಸಿಗುವ ಸಾಮಾನಿಗೆ 28ನೇ ವರ್ಷ 78,000ಕ್ಕೂ ಮೇಲೆ ಬೇಕು. ಎರಡು ವರ್ಷಕ್ಕೊಮ್ಮೆ ಅನ್ನುವ ಪದವನ್ನು ಪ್ರತಿ ವರ್ಷ ಅಂತ ಬದಲಾಯಿಸಲು ಪಟ್ಟು ಹಿಡಿಯಬೇಕಾದದ್ದು ಸಹಿಗೆ ಮುಂಚೆಯೇ.

ಬಾಡಿಗೆ ಹೋಗುವುದು ಪಹಣಿಯ (ಜಮೀನಿನ ಹಕ್ಕಿನ ದಾಖಲೆ) 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಹೆಸರಿರುವವರಿಗೆ. ಅಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರಿದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ), ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡುವುದು) ಆಗುವವರೆಗೆ ಹಣ ತೂಗಾಡುತ್ತದೆ. ಅಣ್ಣತಮ್ಮಂದಿರ ಜಗಳ ಬೇರೆ. 11ನೇ ಕಾಲಂನಲ್ಲಿ ಸಾಲದ ಹೊರೆ ಇದ್ದರೆ ಬ್ಯಾಂಕನ್ನೂ ಕೇಳಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಅಂಥ ಜಮೀನು ಕೈಬದಲಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಗುತ್ತಿಗೆಯೂ ಪರಭಾರೆಯೇ (ಹಸ್ತಾಂತರವೇ), ಸರ್ಕಾರದ ಪೂರ್ವಾನುಮತಿ ಬೇಕು. ಸಕ್ರಮಕ್ಕಾಗಿ ನಮೂನೆ 57ರಲ್ಲಿ ಅರ್ಜಿ ಹಾಕಿ ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು, ಉಳುತ್ತಿರುವವರ ಹೆಸರು 9ನೇ ಕಾಲಂನಲ್ಲೇ ಇರುವುದಿಲ್ಲ. ಕಳೆ ಕೀಳುವ ಕೂಲಿಯವರು, ಕುರಿಗಾಹಿಗಳು ಅಂತೂ ಯಾವ ಕಾಲಂನಲ್ಲೂ ಇಲ್ಲ. ಬೇಲಿ ಬಿದ್ದ ದಿನವೇ ಅವರ ಕೂಲಿ, ಮೇವು ಎರಡೂ ನಿಲ್ಲುತ್ತವೆ. ಊರಲ್ಲಿ ವಿರೋಧದ ಜೋರು ದನಿ ಇವರದೇ, ಅದು ನ್ಯಾಯವೇ. ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲಿನ ಕೆಲಸ ಯಾರಿಗೆ, ಎಷ್ಟು ಜನಕ್ಕೆ ಎಂಬುದು ಬಾಯಿಮಾತಿನಲ್ಲಿ ಉಳಿಯಬಾರದು.

ನೀರಿನದು ಇನ್ನೊಂದು ಪಾಡು. ನೆಲ ಸಮ ಮಾಡುವಾಗ ಬದು ಒಡೆಯುತ್ತಾರೆ, ಸಣ್ಣ ಹಳ್ಳ ಮುಚ್ಚುತ್ತಾರೆ. ಮೊದಲ ದೊಡ್ಡ ಮಳೆಗೆ ನೀರು, ಮಣ್ಣು ಎಲ್ಲ ಕೆಳಗಿನ ಹೊಲಕ್ಕೆ, ಅಂದರೆ ಗುತ್ತಿಗೆ ಕೊಡದವನ ಹೊಲಕ್ಕೆ. ಗ್ರಾಮ ನಕಾಶೆ ತೆಗೆಸಿ ಹಳ್ಳ, ಬಂಡಿದಾರಿ ಗುರುತು ಮಾಡಿಡಿ. ನಕಾಶೆಯಲ್ಲಿ ಕಾಣುವ ದಾರಿಗೆ ಬೇಲಿ ಹಾಕಿದರೆ ತಹಶೀಲ್ದಾರರ ಮುಂದೆ ವಾದ ಗಟ್ಟಿಯಾಗುತ್ತದೆ. ತೊಳೆಯುವ ನೀರು ಯಾವ ಬೋರ್‌ವೆಲ್‌ನದು ಎಂದೂ ಬರೆಸಿಕೊಳ್ಳಿ.

ಅವಧಿ ಮುಗಿದ ಮೇಲೆ ನೆಲದೊಳಗಿನ ಕಾಂಕ್ರೀಟ್ ಬುಡ, ಕೇಬಲ್ ಕೀಳುವವರು ಯಾರು? ಕಂಪನಿ ಕೈ ಬದಲಾದರೆ ಹೊಣೆ ಯಾರದು? ಇದಕ್ಕೆ ಠೇವಣಿ ಇಡಿಸದಿದ್ದರೆ ಉಳುವಾಗ ನೇಗಿಲಿಗೆ ಸಿಗುವುದು ಕಾಂಕ್ರೀಟೇ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು; ನೂರು ರೂಪಾಯಿ ಬಾಂಡ್ ಪೇಪರ್ ಸಾಲದು.

ಸೋಲಾರ್ ಪ್ಯಾನೆಲ್ ಘಟಕಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆ ಅನ್ವಯಿಸುವುದಿಲ್ಲ, ಹಾಗಾಗಿ ಸಾರ್ವಜನಿಕ ಅಹವಾಲು ಸಭೆ ಇಲ್ಲ. ಗುತ್ತಿಗೆಯಾದ್ದರಿಂದ 2013ರ ಭೂಸ್ವಾಧೀನ ಕಾಯ್ದೆಯ ಸಾಮಾಜಿಕ ಪರಿಣಾಮ ಅಧ್ಯಯನವೂ ಇಲ್ಲ. ಅದಕ್ಕೇ ವಿರೋಧ ಕೊನೆಗೆ ಜೆಸಿಬಿ ಮುಂದೆ ಬಂದು ನಿಲ್ಲುವುದು. ಅದಕ್ಕಿಂತ ಮೊದಲೇ ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಆಕ್ಷೇಪ ದಾಖಲಾಗಲಿ. ಸರ್ವೆ ನಂಬರ್, ನಕಾಶೆ ಪ್ರತಿ, ಹಳ್ಳದ ಫೋಟೊ ಸಮೇತ ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗೂ ಅರ್ಜಿ ಕೊಟ್ಟು, ಪ್ರತಿಯ ಮೇಲೆ ತಾರೀಖಿನ ಸೀಲು ಹಾಕಿಸಿಕೊಂಡು ಬನ್ನಿ.