ಯಾವಾಗ ಸರ್?

2012. ನಾನಾಗ ಒಂಬತ್ತನೇ ಕ್ಲಾಸು. ಆ ವರ್ಷದ ಮಕ್ಕಳ ಗ್ರಾಮಸಭೆ, ಅಂದರೆ ಮಕ್ಕಳು ತಮ್ಮ ತೊಂದರೆಗಳನ್ನು ಗ್ರಾಮ ಪಂಚಾಯತ್‌ನವರ ಎದುರು ಹೇಳುವ ಸಭೆ, ನಮ್ಮ ಶಾಲೆಯಲ್ಲೇ ಅಂತ ಗೊತ್ತಾದಾಗ ಯಾರಿಗೂ ಖುಷಿ ಆಗಿರಲಿಲ್ಲ. ಹಿಂದಿನ ವರ್ಷದ್ದು ನೋಡಿದ್ದೆವಲ್ಲ! ಶಾಮಿಯಾನ, ಹಾರ, ಸ್ವಾಗತ, ಒಬ್ಬರಾದ ಮೇಲೆ ಒಬ್ಬರ ಭಾಷಣ. ಮಕ್ಕಳ ಸರದಿ ಬರುವಷ್ಟರಲ್ಲಿ ಊಟದ ಗಂಟೆ ಹೊಡೆದಿತ್ತು.

ಕುಂದಾಪುರದ ಕಡೆಯವರಿಗೆ ಇದೇನೂ ಹೊಸದಲ್ಲ. 1990ರ ದಶಕದಲ್ಲೇ ನಮ್ಮ ತಾಲೂಕಿನಲ್ಲಿ ಮಕ್ಕಳ ಪಂಚಾಯತ್‌ಗಳಿದ್ದವು. 2006ರಲ್ಲಿ ಸರ್ಕಾರ ಎಲ್ಲ ಗ್ರಾಮ ಪಂಚಾಯತ್‌ಗಳಿಗೂ ಮಕ್ಕಳ ಗ್ರಾಮಸಭೆ ಮಾಡಿ ಎಂದು ಸುತ್ತೋಲೆ ಕಳಿಸಿತು. ಆಮೇಲೆ ಎಷ್ಟೋ ಕಡೆ ಅದು ದೊಡ್ಡವರ ಕಾರ್ಯಕ್ರಮವೇ ಆಗಿಹೋಯಿತು ಅಂತ ನನ್ನ ಅನಿಸಿಕೆ.

ನಮ್ಮ ಸಮಾಜ ಪಾಠದ ಸರ್ ಮಾತ್ರ, "ಈ ಸಲ ನೀವೇ ಮಾಡಿ. ನಾನು ಕುರ್ಚಿ ಹೊರಲಿಕ್ಕೆ ಬರ್ತೇನೆ" ಎಂದರು. ತಮಾಷೆ ಅಂದುಕೊಂಡೆವು. ಅಲ್ಲ, ನಿಜವೇ!

ಚಪ್ಪಲಿ ಡಬ್ಬಕ್ಕೆ ಬಣ್ಣದ ಕಾಗದ ಅಂಟಿಸಿ, ಏನು ತೊಂದರೆ, ಏನು ಬೇಕು ಅಂತ ಚೀಟಿ ಬರೆದು ಹಾಕಿ ಎನ್ನುತ್ತ ಕ್ಲಾಸ್ ಕ್ಲಾಸಿಗೆ ಹೋದೆವು. ಚೀಟಿ ತುಂಬಾ ಬಂದವು. ಬಸ್ಸು, ಆಟದ ಬಯಲು, ಇನ್ನಷ್ಟು ಬಸ್ಸು. ಸುಜಾತಾ ಎಲ್ಲವನ್ನೂ ಬಿಡಿಸಿ ನೋಡಿ, "ಹುಡುಗಿಯರದ್ದು ಒಂದೂ ಇಲ್ಲ, ನೋಡಿದ್ರಾ?" ಎಂದಳು. ಡಬ್ಬ ಹಿಡಿದು ಹೋದವರು ನಾವು ನಾಲ್ಕು ಹುಡುಗರು, ಮತ್ತೆ ಹೇಗೆ ಬರುತ್ತದೆ? ಮರುದಿನ ಅವಳು, ಅವಳ ಗೆಳತಿಯರು ಇನ್ನೊಂದು ಡಬ್ಬ ತಗೊಂಡು ಹೋದರು. ಶೌಚಾಲಯದ ಬಾಗಿಲಿಗೆ ಚಿಲಕವೇ ಇಲ್ಲ ಅನ್ನುವುದು ನಮಗೆ ಗೊತ್ತಾದದ್ದು ಆಗ.

ಕೂರಿಸುವುದು ಹೇಗೆ ಎಂಬುದಕ್ಕೇ ಎರಡು ಸಂಜೆ ಜಗಳ ಆಯ್ತು. ಕೊನೆಗೆ ಕ್ಲಾಸಿನ ಪ್ರಕಾರ ಬೇಡ, ಶಾಲೆಗೆ ಬರುವ ದಾರಿಯ ಪ್ರಕಾರ ಕೂರಿಸೋಣ ಅಂತಾಯಿತು. ಒಂದೇ ತೋಡು (ಸಣ್ಣ ಹಳ್ಳ) ದಾಟಿ ಬರುವವರೆಲ್ಲ ಒಂದು ಚಾಪೆ. ಒಂದನೇ ಕ್ಲಾಸಿನ ಚಿಳ್ಳೆಗಳೂ ಹತ್ತನೆಯವರೂ ಒಟ್ಟಿಗೆ. ವೇದಿಕೆ ಇಲ್ಲ. ಬಂದ ಅತಿಥಿಗಳು ಎಲ್ಲಿ ಕೂರುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತೇ ಇದ್ದರು. ಅವರಿಗೆ ಚಾ ಹೇಳುವುದೂ ಮರೆತಿದ್ದೆವು. ಸರ್ ಬೈಕಿನಲ್ಲಿ ಹೋಗಿ ಫ್ಲಾಸ್ಕ್ ತುಂಬಿಸಿಕೊಂಡು ಬಂದರು.

ಬೋರ್ಡಿನ ಮೇಲೆ ಮೂರು ಕಾಲಂ ಎಳೆದಿದ್ದೆವು. ಏನು, ಯಾರು, ಯಾವಾಗ. ತೋಡಿನ ಚಾಪೆಯವರು ಎದ್ದು, ಅಡಿಕೆ ಮರದ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಮಳೆಗಾಲದಲ್ಲಿ ಜಾರುತ್ತದೆ, ಜೋರು ಮಳೆ ಬಂದ ದಿನ ಶಾಲೆಗೇ ಬರುವುದಿಲ್ಲ ಎಂದರು. ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) "ಪರಿಶೀಲಿಸ್ತೇವೆ" ಎಂದರು. ನಾನು ಚಾಕ್ ಹಿಡಿದು ಮೂರನೇ ಕಾಲಮಿನ ಎದುರು ನಿಂತೆ. ಏನು ಬರೆಯುವುದು? ಅಷ್ಟರಲ್ಲಿ ಆರನೇ ಕ್ಲಾಸಿನ ಒಬ್ಬಳು ಕೂತಲ್ಲಿಂದಲೇ, "ಯಾವಾಗ ಸರ್?" ಎಂದಳು.

ಯಾರೂ ನಗಲಿಲ್ಲ. ಪಿಡಿಒ ಜೇಬಿನಿಂದ ಡೈರಿ ತೆಗೆದು, ಪುಟ ತಿರುವಿ, ಒಂದು ತಿಂಗಳ ಹೆಸರು ಹೇಳಿದರು. ಬರೆದೆ.

ಚಿಲಕ ಮುಂದಿನ ವಾರವೇ ಬಂತು. ಕಾಲುಸಂಕಕ್ಕೆ ಇನ್ನೂ ಎರಡು ಮಳೆಗಾಲ ಬೇಕಾಯಿತು, ಅಷ್ಟರಲ್ಲಿ ನಾನು ಶಾಲೆ ಬಿಟ್ಟಿದ್ದೆ. ಆದರೆ ಆ ಬೋರ್ಡನ್ನು ಒರೆಸಲು ನಾವು ಬಿಡಲಿಲ್ಲ. ಗಣಿತದ ಮೇಡಂ ಬೈಯುತ್ತಲೇ ಉಳಿದ ಅರ್ಧದಲ್ಲಿ ಲೆಕ್ಕ ಮಾಡಿಸುತ್ತಿದ್ದರು.