ಇಜೆನ್ ಹತ್ತುವ ಮೊದಲು ಕಾಲಿಗಿಂತ ಮೂಗಿನ ಚಿಂತೆ ಮಾಡಿ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಅಭ್ಯಾಸ ಇರುವವರು ಇಜೆನ್‌ನ ಏರಿಗೆ ಹೆದರಬೇಕಾಗಿಲ್ಲ. ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿರುವ ಈ ಜ್ವಾಲಾಮುಖಿಯ ಬಾಯಂಚಿಗೆ ಪಾಲ್ತುಡಿಂಗ್ ಎಂಬಲ್ಲಿಂದ 3 ಕಿ.ಮೀ. ದಾರಿ, ಏರು ಸುಮಾರು 500 ಮೀಟರ್. ಚಾಮುಂಡಿಯ ಪಾದದಿಂದ ದೇವಸ್ಥಾನದವರೆಗೆ ಒಂದು ಸಲ, ಆಮೇಲೆ ಇನ್ನೊಂದು ಸಲ ದೊಡ್ಡ ನಂದಿಯವರೆಗೆ ಹತ್ತಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಮೊದಲ 2 ಕಿ.ಮೀ. ಕಡಿದು, ಕೊನೆಯದು ಸಲೀಸು. ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಮಂಡಿನೋವಿನವರನ್ನು ಕೂರಿಸಿ ಎಳೆದುಕೊಂಡು ಹೋಗುವ ಕೈಗಾಡಿಗಳೂ ಅಲ್ಲಿವೆ.

ಕಷ್ಟ ಇರುವುದು ಗಾಳಿಯಲ್ಲಿ. ಜ್ವಾಲಾಮುಖಿಯ ಬಾಯಿಯೊಳಗೆ ಸಲ್ಫರ್ ಡೈಆಕ್ಸೈಡ್ ಸದಾ ಹೊಮ್ಮುತ್ತಿರುತ್ತದೆ. ಮಂಡ್ಯದ ಕಡೆಯವರಿಗೆ ಇದು ಹೊಸದೇನಲ್ಲ: ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲು ತಿಳಿಯಾಗಲೆಂದು ಗಂಧಕ ಸುಟ್ಟು ಹಾಯಿಸುವುದು ಇದೇ ಅನಿಲವನ್ನು. ಇಜೆನ್‌ನ ಬಾಯಿಯೊಳಗೆ ಅಗೆಯುವ ಗಂಧಕವೂ ಬಹುಪಾಲು ಹೋಗುವುದು ಜಾವಾದ ಸಕ್ಕರೆ ಕಾರ್ಖಾನೆಗಳಿಗೇ. ಕಾರ್ಖಾನೆಯಲ್ಲಿ ಅದು ಕೊಳವೆಯೊಳಗೆ ಇರುತ್ತದೆ, ಇಲ್ಲಿ ನೇರ ಮುಖಕ್ಕೇ ಬರುತ್ತದೆ. ಗಾಳಿಗಿಂತ ಎರಡು ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ ತಂಗುತ್ತದೆ. ಕಣ್ಣು, ಗಂಟಲಿನ ತೇವಕ್ಕೆ ಸೇರಿದ ಕೂಡಲೇ ಆಮ್ಲವಾಗಿ ಉರಿಸುತ್ತದೆ. ಆಸ್ತಮಾ ಇದ್ದವರು, ಗರ್ಭಿಣಿಯರು, ಹೃದ್ರೋಗಿಗಳು ಹೋಗಲೇಬಾರದು. 2018ರ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಹೆಚ್ಚು ವಿಷಾನಿಲ ಹೊಮ್ಮಿ, ಬುಡದ ಊರಿನವರೇ ಆಸ್ಪತ್ರೆ ಸೇರಿದ್ದರು.

ಕೋವಿಡ್ ಕಾಲದ ಎನ್95 ಮಾಸ್ಕ್ ಬ್ಯಾಗಿನಲ್ಲೇ ಇರಲಿ. ಅದು ಧೂಳು ತಡೆಯುತ್ತದೆ, ಅನಿಲ ತಡೆಯುವುದಿಲ್ಲ. ಬೇಕಾದದ್ದು ರಬ್ಬರಿನ ಅರ್ಧಮುಖದ ಮಾಸ್ಕ್, ಅದಕ್ಕೆ ಆಮ್ಲ ಅನಿಲದ ಫಿಲ್ಟರ್. ಯುರೋಪಿನ ಗುರುತಿನಲ್ಲಾದರೆ 'ಇ' ಅಕ್ಷರ, ಹಳದಿ ಪಟ್ಟಿ. ಪಾಲ್ತುಡಿಂಗ್‌ನಲ್ಲಿ ಬಾಡಿಗೆಗೂ ಸಿಗುತ್ತದೆ, ಆದರೆ ಫಿಲ್ಟರ್ ಎಷ್ಟು ಜನರ ಕೈ ದಾಟಿ ಬಂದಿದೆಯೋ ಯಾರು ಬಲ್ಲರು! ಹಾಕಿಕೊಂಡು, ಫಿಲ್ಟರನ್ನು ಅಂಗೈಯಿಂದ ಮುಚ್ಚಿ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಕಚ್ಚಿಕೊಳ್ಳಬೇಕು. ಗಡ್ಡ ಇದ್ದರೆ ಕಚ್ಚುವುದೇ ಇಲ್ಲ, ಹಿಂದಿನ ದಿನವೇ ಬೋಳಿಸಿ. ಹಾಕಿಕೊಂಡ ಮೇಲೂ ಬೆಂಕಿಕಡ್ಡಿ ಗೀರಿದ ವಾಸನೆ ಒಳಗೆ ಬಂದರೆ ಫಿಲ್ಟರ್ ಮುಗಿದಿದೆ ಎಂದೇ ಅರ್ಥ, ಬದಲಿಸಿಕೊಡಿ ಎಂದು ಕೇಳಿ. ಕಾಂಟ್ಯಾಕ್ಟ್ ಲೆನ್ಸ್ ಬೇಡ, ಕನ್ನಡಕವೇ ವಾಸಿ. ಕಾಲುಂಗುರ, ಗೆಜ್ಜೆ, ಉಡಿದಾರ ಬೆಳ್ಳಿಯದಾದರೆ ರೂಮಿನಲ್ಲೇ ಬಿಚ್ಚಿಡಿ. ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್‌ಗೆ ಕಪ್ಪಿಡುತ್ತವೆ.

ಎಲ್ಲರೂ ನಡುರಾತ್ರಿ ಹೊರಡುವುದು ನೀಲಿ ಬೆಂಕಿಗಾಗಿ. ಅದು ಲಾವಾ ಅಲ್ಲ. ಬಿರುಕುಗಳಿಂದ ನೂರಾರು ಡಿಗ್ರಿ ಬಿಸಿಯಲ್ಲಿ ಹೊರಬರುವ ಗಂಧಕದ ಅನಿಲ ಗಾಳಿ ತಾಗಿ ಹೊತ್ತಿಕೊಳ್ಳುತ್ತದೆ. ಬೆಳಕು ಹರಿದರೆ ಕಾಣುವುದಿಲ್ಲ, ಹಾಗಾಗಿ ನಾಲ್ಕೂವರೆಯೊಳಗೆ ಅಂಚಿನಿಂದ ಬಾಯಿಯೊಳಕ್ಕೆ ಇಳಿದಿರಬೇಕು. ಇಂಟರ್‌ನೆಟ್ಟಿನ ಫೋಟೊಗಳೆಲ್ಲ ಕ್ಯಾಮೆರಾ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟು ತೆಗೆದವು. ಬರಿಗಣ್ಣಿಗೆ ಅಷ್ಟೊಂದು ಕಾಣುವುದಿಲ್ಲ, ಕೆಲವು ರಾತ್ರಿ ಹೊಗೆಯಲ್ಲಿ ಏನೂ ಕಾಣದು. ನನ್ನ ಮಟ್ಟಿಗೆ ನೋಡಬೇಕಾದದ್ದು ಬೆಳಗಾದ ಮೇಲಿನ ಕೆರೆ: ಸುಮಾರು ಒಂದು ಕಿ.ಮೀ. ಅಗಲದ ಹಸಿರುನೀಲಿ ನೀರು, ಪಿಎಚ್ 1ಕ್ಕಿಂತ ಕಡಿಮೆ, ಅಂದರೆ ಕಡು ಆಮ್ಲ. ಕೈ ಅದ್ದಬೇಡಿ.

ಅಂಚಿನಿಂದ ಕೆಳಗಿಳಿಯಲು ಮುಕ್ಕಾಲು ಗಂಟೆ, ಬರೀ ಸಡಿಲ ಕಲ್ಲು. ಇಂಡೋನೇಷ್ಯಾದಲ್ಲಿ ಜ್ವಾಲಾಮುಖಿ ಎಚ್ಚರಿಕೆಗೆ 4 ಹಂತಗಳಿವೆ. ಎರಡನೆಯದಕ್ಕೆ ಏರಿದರೆ ಸಾಮಾನ್ಯವಾಗಿ ಕೆಳಗಿಳಿಯಲು ಬಿಡುವುದಿಲ್ಲ, ಹಿಂದಿನ ದಿನವೇ ವಿಚಾರಿಸಿ. ಹೊಗೆ ನಿಮ್ಮ ಕಡೆ ತಿರುಗಿದರೆ ಓಡಬೇಡಿ. ಓಡಿದರೆ ಏದುಸಿರು ಬಂದು ಇನ್ನಷ್ಟು ಅನಿಲ ಒಳಹೋಗುತ್ತದೆ, ಕಲ್ಲಿನಲ್ಲಿ ಕಾಲೂ ಜಾರುತ್ತದೆ. ಬೆನ್ನು ಕೊಟ್ಟು ನಿಂತು, ತಿಳಿಯಾದ ಕೂಡಲೇ ಮೇಲಕ್ಕೆ ನಡೆಯಿರಿ. ಎರಡು ಬುಟ್ಟಿಗಳಲ್ಲಿ 70ರಿಂದ 90 ಕೆ.ಜಿ. ಗಂಧಕ ಹೆಗಲ ಮೇಲೆ ಹೊತ್ತು ಬರುವ ಕೂಲಿಗಳು ಎದುರಾದರೆ ಗೋಡೆಯ ಕಡೆ ಒತ್ತಿ ನಿಂತು ದಾರಿ ಬಿಡಿ. ಅವರು ಮಧ್ಯೆ ನಿಂತರೆ ಮತ್ತೆ ಹೆಜ್ಜೆ ಕೀಳುವುದು ಕಷ್ಟ. ಅಂಚಿನಲ್ಲಿ ಹಿಂದೆ ಹಿಂದೆ ಸರಿದು ಫೋಟೊ ತೆಗೆಸಿಕೊಳ್ಳಲೇಬಾರದು. 2024ರ ಏಪ್ರಿಲ್‌ನಲ್ಲಿ ಪ್ರವಾಸಿಯೊಬ್ಬರು ಹಾಗೇ ಬಿದ್ದು ಸತ್ತರು.

ಇನ್ನು ಹೋಗುವ ದಾರಿ. ಬೆಂಗಳೂರಿನಿಂದ ಬಾಲಿಗೆ ವಿಮಾನ, ಅಲ್ಲಿಂದ ರಸ್ತೆಯಲ್ಲಿ ಗಿಲಿಮಾನುಕ್ ಬಂದರು, ದೊಡ್ಡ ದೋಣಿಯಲ್ಲಿ ಮುಕ್ಕಾಲು ಗಂಟೆ ದಾಟಿದರೆ ಜಾವಾದ ಕೆತಾಪಾಂಗ್. ಜಾವಾದ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದೆ. ಡ್ರೈವರ್ ಹೇಳಿದ 'ಹನ್ನೆರಡು ಗಂಟೆ' ಯಾವ ದ್ವೀಪದ್ದೆಂದು ಮೊದಲೇ ಕೇಳಿಕೊಳ್ಳಿ. ಬಾಲಿಯಿಂದ ರಾತ್ರೋರಾತ್ರಿ ಕರೆದೊಯ್ಯುವ ಪ್ಯಾಕೇಜು ಅಗ್ಗವೇ ಸರಿ, ಆದರೆ ನಿದ್ದೆಗೆಟ್ಟು ಆ ಹೊಗೆಯಲ್ಲಿ ಇಳಿಯುವುದು ಜಾಣತನವಲ್ಲ. ಜಾವಾ ಕಡೆಯ ಊರಾದ ಬನ್ಯುವಾಂಗಿಯಲ್ಲಿ ರೂಮು ಹಿಡಿದು ಸಂಜೆ ಏಳಕ್ಕೇ ಮಲಗಿ. ಹತ್ತಲು ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ, ಅದನ್ನೂ ಅಲ್ಲೇ ಮಾಡಿಸಬಹುದು.

ಏಪ್ರಿಲ್‌ನಿಂದ ಅಕ್ಟೋಬರ್ ಒಣಗಾಲ. ಬೇಸಿಗೆ ರಜೆ, ದಸರಾ ರಜೆ ಎರಡೂ ಹೊಂದುತ್ತವೆ. ಕ್ರಿಸ್‌ಮಸ್ ರಜೆ ಬೇಡ, ಆಗ ಮಳೆ, ದಾರಿಯೆಲ್ಲ ಜಾರು. ಮೇಲೆ ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು, ಜರ್ಕಿನ್, ಮಂಕಿ ಕ್ಯಾಪ್, ತಲೆಗೆ ಕಟ್ಟುವ ಟಾರ್ಚ್ ಇರಲಿ. ಹಾಕಿಕೊಂಡ ಬಟ್ಟೆಯನ್ನು ಸೂಟ್‌ಕೇಸಿನ ಮಿಕ್ಕ ಬಟ್ಟೆಗೆ ಸೇರಿಸದೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಒಂದೆರಡು ಒಗೆತಕ್ಕೆಲ್ಲ ಗಂಧಕದ ವಾಸನೆ ಹೋಗುವುದಿಲ್ಲ.