ಬಿ7ರ ಕುದುರೆ ಮತ್ತು ಎರಡು ಕರ್ಣಗಳು

ಚದುರಂಗದ ಕೊನೆಯಾಟದಲ್ಲಿ ಬಿಳಿಯ ಎರಡು ಒಂಟೆಗಳ ಎದುರು ಕಪ್ಪಿನ ಒಂಟಿ ಕುದುರೆ ನಿಲ್ಲುವ, ವಿಶ್ಲೇಷಕರಾದ ಕ್ಲಿಂಗ್ ಮತ್ತು ಹಾರ್ವಿಟ್ಸ್ ಅವರ ಹೆಸರಿನ ಸ್ಥಿತಿಯ ಗಂಟು ಕೊನೆಗೂ ಸಡಿಲವಾಗಿದೆ. ಕಪ್ಪು ಕುದುರೆ ಬಿ7ರಲ್ಲಿದ್ದು (ಅಕ್ಷರ ಹಲಗೆಯ ಕಂಬಸಾಲನ್ನು, ಅಂಕಿ ಅಡ್ಡಸಾಲನ್ನು ಸೂಚಿಸುತ್ತದೆ) ರಾಜ ಅದರ ಪಕ್ಕದಲ್ಲಿದ್ದರೆ ಆಟ ಡ್ರಾ ಎಂದು 1851ರಲ್ಲಿ ಆ ಇಬ್ಬರು ಕೊಟ್ಟ ತೀರ್ಪನ್ನು ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ಒಪ್ಪಿಕೊಂಡಿದ್ದರು. 1983ರಲ್ಲಿ ಕೆನ್ ಥಾಂಪ್ಸನ್ ಅವರ ಕಂಪ್ಯೂಟರ್ ಲೆಕ್ಕಾಚಾರ, ಬಿಳಿಯ ಪಕ್ಷ ಗೆಲ್ಲುತ್ತದೆಂದೂ ಅದಕ್ಕೆ ಗರಿಷ್ಠ 66 ನಡೆಗಳು ಬೇಕೆಂದೂ ತೋರಿಸಿತು. ಇಂಥ ಲೆಕ್ಕಾಚಾರದಿಂದ ಪ್ರತಿ ಸ್ಥಿತಿಯ ಫಲಿತಾಂಶವನ್ನೂ ಕೂಡಿಟ್ಟ ಕೋಶವಾದ ಟೇಬಲ್‌ಬೇಸ್ ಸರಿಯಾದ ನಡೆಯನ್ನು ಕ್ಷಣದಲ್ಲಿ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ನನಗೆ ಬೇಕಾಗಿದ್ದುದು ಕಾರಣ.

ಬಿ7ರಿಂದ ಕುದುರೆಗಿರುವ ದಾರಿಗಳು ಎ5, ಸಿ5, ಡಿ6 ಮತ್ತು ಡಿ8. ನಾಲ್ಕೂ ಕರಿಮನೆಗಳಾದ್ದರಿಂದ ಬಿಳಿಮನೆಯ ಒಂಟೆ ಕುದುರೆಯನ್ನು ಎಷ್ಟೇ ಕಾಡಿದರೂ ಒಂದು ದಾರಿಯನ್ನೂ ಮುಚ್ಚಲಾರದು. ಕರಿಮನೆಯ ಒಂಟೆ ಬಿ4ರಲ್ಲಿ ನಿಂತರೆ ಡಿ8 ತೆರೆದಿರುತ್ತದೆ, ಇ7ರಲ್ಲಿ ನಿಂತರೆ ಎ5 ತೆರೆದಿರುತ್ತದೆ. ಬಿ6ರಿಂದ ಡಿ6 ಸಿಗದು, ಸಿ7ರಿಂದ ಸಿ5 ಸಿಗದು. ಎಲ್ಲಿ ನಿಲ್ಲಿಸಿದರೂ ನಾಲ್ಕರಲ್ಲಿ ಮೂರೇ. ಅದೇ ಕುದುರೆ ಅಂಚಿನ ಎ5ರಲ್ಲಿದ್ದರೆ ಡಿ5ರ ಒಂಟೆಯೊಂದೇ ನಾಲ್ಕು ದಾರಿಗಳನ್ನೂ ಕಟ್ಟಿಹಾಕುತ್ತದೆ. ಅಂಚಿನಿಂದ ಒಂದೇ ಹೆಜ್ಜೆ ಒಳಗಿರುವುದರಲ್ಲಿ ಈ ಕೋಟೆಯ, ಅಂದರೆ ಕುದುರೆ ಮತ್ತು ರಾಜ ಸೇರಿ ಕಟ್ಟಿದ ರಕ್ಷಣಾ ನೆಲೆಯ, ಬಲವೆಲ್ಲ ಅಡಗಿದೆ. ಹಾಗಾಗಿ ಉಳಿದ ನಾಲ್ಕನೆಯ ದಾರಿಯನ್ನು ಬಿಳಿಯ ರಾಜನೇ ಬಂದು ಕಾಯಬೇಕು.

ಆದರೆ ಅಲ್ಲಿಂದ ಹೊರದಬ್ಬಿದ ಕುದುರೆ ಬಿ2, ಜಿ2 ಅಥವಾ ಜಿ7ರಲ್ಲಿ ಅದೇ ಕೋಟೆಯನ್ನು ಮತ್ತೆ ಕಟ್ಟಿಕೊಳ್ಳಲು ಓಡುತ್ತದೆ, ಮತ್ತು ನನ್ನ ಟಿಪ್ಪಣಿಗಳೆಲ್ಲ ಬಹಳ ಕಾಲ ಇಲ್ಲಿಗೇ ಬಂದು ನಿಂತುಬಿಡುತ್ತಿದ್ದವು. ಒಂಟೆಗಳನ್ನು ಕುದುರೆಯ ಹಿಂದೆ ಅಟ್ಟುವುದನ್ನು ಬಿಟ್ಟು, ಅದು ಹೋಗಿ ಸೇರುವ ಮನೆಗಳನ್ನೇ ಹಲಗೆಯ ಮೇಲೆ ಗುರುತಿಸಿದಾಗ ವಿಷಯ ಹೊಳೆಯಿತು. ಬಿ2 ಮತ್ತು ಜಿ7 ಎರಡೂ ಎ1–ಎಚ್8 ಕರ್ಣದ ಮೇಲಿವೆ, ಬಿ7 ಮತ್ತು ಜಿ2 ಎರಡೂ ಎ8–ಎಚ್1 ಕರ್ಣದ ಮೇಲಿವೆ. ಎರಡು ಒಂಟೆಗಳು ಈ ಎರಡು ಕರ್ಣಗಳನ್ನು ಹಿಡಿದರೆ ನಾಲ್ಕು ಕೋಟೆಗಳೂ ಅವುಗಳ ಕಣ್ಣಳತೆಯಲ್ಲಿರುತ್ತವೆ. ಕುದುರೆ ಸಿ5, ಎ4 ಮೂಲಕ ಬಿ2ರತ್ತ ಹೊರಟರೆ, ಎ4ಕ್ಕೆ ಬಂದ ಕೂಡಲೇ ಡಿ4ರ ಒಂಟೆ ಅದರ ನಾಲ್ಕು ದಾರಿಗಳನ್ನೂ ಮುಚ್ಚುತ್ತದೆ. ಡಿ6, ಇ8 ಮೂಲಕ ಜಿ7ರತ್ತ ಹೊರಟರೆ ಇ5ರ ಒಂಟೆ ಅದನ್ನೇ ಮಾಡುತ್ತದೆ. ಡಿ4 ಮತ್ತು ಇ5 ಕೂಡ ಅದೇ ಕರ್ಣದ ಮನೆಗಳೆಂಬುದನ್ನು ಕಂಡಾಗ ಆದ ಸಂತೋಷವನ್ನು ಈ ಹವ್ಯಾಸದವರಿಗೆ ವಿವರಿಸಬೇಕಾಗಿಲ್ಲ.

ಇಂಥ ಕೆಲಸಕ್ಕೆ ಮನೆಗಳ ಹೆಸರು ಮುದ್ರಿಸಿದ ಹಲಗೆ ಅತ್ಯಗತ್ಯ. ಚಿತ್ರದಲ್ಲಿ ಅಕ್ಷರ, ಅಂಕಿಗಳನ್ನು ತೋರಿಸಿದ್ದ ಅಂಗಡಿಯವರು ನನಗೆ ಕಳುಹಿಸಿದ್ದು ಬರಿಯ ಅಂಚಿನ ಹಲಗೆ. ದೂರು ಕೊಟ್ಟ ಮೇಲೆ ಬಂದ ಪೊಟ್ಟಣದಲ್ಲಿ ಹಲಗೆಯ ಬದಲು ಒಂದು ಬಿಡಿ ಒಂಟೆ ಇತ್ತು, ಅದೂ ಉಳಿದವುಗಳಿಗಿಂತ ಗಿಡ್ಡ. ಅದನ್ನೀಗ ಕರಿಮನೆಯ ಒಂಟೆಯಾಗಿ ಬಳಸುತ್ತಿದ್ದೇನೆ. ಎತ್ತರದ ವ್ಯತ್ಯಾಸದಿಂದ ಯಾವುದು ಯಾವ ಬಣ್ಣದ ಮನೆಯದ್ದೆಂದು ತಟ್ಟನೆ ತಿಳಿಯುತ್ತದೆ.

ಇದಾದ ಮೇಲೆ ಕೊನೆಯಾಟಗಳ ವಿಶ್ಲೇಷಕ ಅಲೆಕ್ಸೆಯ್ ಟ್ರೊಯಿಟ್ಸ್ಕಿ ಅವರ, ಒಂದು ಕಾಲಾಳಿನ ಎದುರು ಎರಡು ಕುದುರೆಗಳ ಅಂತ್ಯವನ್ನು ಕೈಗೆತ್ತಿಕೊಳ್ಳಬೇಕೆಂದಿದ್ದೇನೆ. ಕಪ್ಪು ಕಾಲಾಳನ್ನು ಎ4, ಬಿ6, ಸಿ5, ಡಿ4, ಇ4, ಎಫ್5, ಜಿ6, ಎಚ್4 ಗೆರೆಯನ್ನು ದಾಟದಂತೆ ಕುದುರೆಯೊಂದು ತಡೆದು ನಿಲ್ಲಿಸಿದರೆ ಗೆಲುವು ಖಚಿತ ಎಂಬ ಅವರ ನಿಯಮದ ಹಿಂದೆಯೂ ಇಂಥದೇ ಕಾರಣಗಳಿರಬೇಕು. ಹಲಗೆಯ ಮೇಲೆ ಆ ಗೆರೆಯನ್ನು ಆಗಲೇ ಪೆನ್ಸಿಲ್‌ನಿಂದ ಎಳೆದಿದ್ದೇನೆ.

ಬಿ7ರ ವಿಷಯದಲ್ಲಿ ಇನ್ನುಳಿದಿರುವುದು ಮಧ್ಯದ ದಾರಿಗಳು. ಕುದುರೆ ಡಿ6, ಸಿ4 ಮೂಲಕ ಹೊರಟರೆ ಸಿ4ರಲ್ಲಿ ಅದಕ್ಕೆ ಎಂಟು ದಾರಿಗಳಿರುವುದರಿಂದ ಒಂಟೆಗಳಷ್ಟರಿಂದಲೇ ಅದನ್ನು ಕಟ್ಟಿಹಾಕಲಾಗದು. ಅಲ್ಲಿ ಬಿಳಿಯ ರಾಜ ಎಲ್ಲಿ ನಿಲ್ಲಬೇಕೆಂಬುದನ್ನು ಮುಂದಿನ ಟಿಪ್ಪಣಿಯಲ್ಲಿ ಮನೆ ಮನೆಯಾಗಿ ಬರೆಯುತ್ತೇನೆ.